ಕಲ್ಲಿನ ಮೇಡಂ ಬರೆದ ಅರ್ಜಿ

ವಿಶ್ವವಿದ್ಯಾಲಯದಲ್ಲಿ ಭೂವಿಜ್ಞಾನ ಕಲಿಸುವ ಆಕೆಯನ್ನು ಎಲ್ಲರೂ ಕಲ್ಲಿನ ಮೇಡಂ ಎಂದೇ ಕರೆಯುತ್ತಿದ್ದರು. ಅದರಲ್ಲಿ ಅರ್ಧ ಪ್ರೀತಿ, ಅರ್ಧ ಕುಚೋದ್ಯ. ನೆಲಮಹಡಿಯ ಮೂಲೆಯ ಕೋಣೆಯಲ್ಲಿ ಎಂಟುನೂರು ಕಲ್ಲುಗಳಿದ್ದವು. ಮೂವತ್ತೆರಡು ವರ್ಷ ಬೆಟ್ಟ, ಹಳ್ಳ, ಗಣಿ ಸುತ್ತಿ ಮೇಡಂ ತಾವೇ ಹೊತ್ತು ತಂದವು. ಯಾವುದು ಯಾವ ಬೆಟ್ಟದ್ದು ಎಂದು ಮುಟ್ಟಿದರೇ ಹೇಳುತ್ತಿದ್ದರು. ಪಾಠ ನಡೆಯುತ್ತಿದ್ದುದೇ ಕೈಯಲ್ಲಿ. ಉಗುರಿನಿಂದ ಗೀರಿದರೆ ಪುಡಿ ಉದುರುವುದು ಬಳಪದ ಕಲ್ಲು, ಗಾಜನ್ನೇ ಗೀರುವುದು ಬೆಣಚುಕಲ್ಲು. ಜೇಡಿಯೋ ಮರಳೋ ಎಂಬ ಅನುಮಾನ ಬಂದರೆ ಚೂರೊಂದನ್ನು ಮುಂಬಲ್ಲಿನಲ್ಲಿ ಕಚ್ಚಿ ನೋಡಬೇಕು. ಕರಕರ ಎಂದರೆ ಮರಳು. ಹೊಸ ವಿದ್ಯಾರ್ಥಿಗಳು ಮೊದಲ ವಾರ ಮುಖ ಕಿವುಚುತ್ತಿದ್ದರು, ಎರಡನೇ ವಾರ ಕೇಳದೆಯೇ ಕಚ್ಚುತ್ತಿದ್ದರು.

ಆ ಕೋಣೆಯ ಮರದ ಕಪಾಟುಗಳಿಗೆ ಗೆದ್ದಲು ಹಿಡಿದಿತ್ತು. ಹೊಸ ಕಪಾಟು ಕೊಡಿ ಎಂದು ಮೇಡಂ ನಾಲ್ಕು ವರ್ಷ ಪತ್ರ ಬರೆದರು. ನಾಲ್ಕು ವರ್ಷವೂ ಒಂದೇ ಉತ್ತರ: ಕಪಾಟಿಗೆ ಅನುದಾನವಿಲ್ಲ, ಬೋಧನೆಯಲ್ಲಿ ತಂತ್ರಜ್ಞಾನದ ನವೀನ ಬಳಕೆಗೆ ಮಾತ್ರ ಇದೆ. ಆ ಅನುದಾನ ಏನೇನು ಘನಕಾರ್ಯಕ್ಕೆ ಹೋಗುತ್ತಿತ್ತು ಎಂದು ಕೇಳಿ. ಹಿಂದಿನ ವರ್ಷ ಇತಿಹಾಸದ ಮೇಷ್ಟ್ರು ಕಣ್ಣಿಗೆ ಕಟ್ಟಿಕೊಳ್ಳುವ ಡಬ್ಬಿಗಳನ್ನು ತರಿಸಿದ್ದರು. ಅದರೊಳಗೆ ಕೋಟೆ ಕಾಣುತ್ತದಂತೆ. ಉದ್ಘಾಟನೆಯ ದಿನ ಕಂಡಿತು. ಆಮೇಲೆ ಅವುಗಳ ಚಾರ್ಜರ್ ಯಾರ ಬೀರುವಿನಲ್ಲಿದೆ ಎಂದು ಹುಡುಕುವುದೇ ದೊಡ್ಡ ಸಂಶೋಧನೆಯಾಯಿತು. ಮೇಷ್ಟ್ರಿಗೆ ಮಾತ್ರ ಪ್ರಶಸ್ತಿ ಫಲಕ ಸಿಕ್ಕಿತು.

ಐದನೇ ವರ್ಷ ಮೇಡಂ ಹಟ ಬಿಟ್ಟು ಆ ಅನುದಾನದ ಅರ್ಜಿಯನ್ನೇ ತೆರೆದರು. ಜಾಹೀರಾತು ಕಂಪನಿಯಲ್ಲಿ ಬರೆಯುವ ಮಗಳು ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಪಕ್ಕದಲ್ಲಿ ಕೂತಳು.

"ಅಮ್ಮಾ, ನೀನು ಕಲ್ಲು ಅಂದ್ರೆ ಅವ್ರು ಮೂಗು ಮುರೀತಾರೆ. 'ಸ್ಪರ್ಶಾಧಾರಿತ ಮೂರು ಆಯಾಮದ ಕಲಿಕಾ ವ್ಯವಸ್ಥೆ' ಅನ್ನು."

"ಹಾಗಂದ್ರೆ ಏನೇ?"

"ಕಲ್ಲನ್ನ ಕೈಲಿ ಹಿಡ್ಕೊಳ್ಳೋದು."

"ಕರೆಂಟ್ ಹೋದ್ರೂ ನಡೆಯುತ್ತೆ ಅಂತ ಸೇರಿಸ್ಲಾ?"

"'ಶೂನ್ಯ ವಿದ್ಯುತ್ ಬಳಕೆ' ಅಂತ ಹಾಕು. ಕಣ್ಮುಚ್ಕೊಂಡು ಸಹಿ ಹಾಕ್ತಾರೆ."

ತಾಯಿ ಮಗಳು ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಕೊನೆಯಲ್ಲಿ ಒಂದು ಪ್ರಶ್ನೆ ಖಾಲಿ ಬಿಟ್ಟರೆ ಅರ್ಜಿ ಮುಂದಕ್ಕೇ ಹೋಗಲಿಲ್ಲ: 'ಈ ಯೋಜನೆಯಿಂದ ತೆರವಾಗುವ ಹಳೆಯ ವ್ಯವಸ್ಥೆ ಯಾವುದು?' ಇಷ್ಟು ಹೊತ್ತು ಬುರುಡೆ ಬಿಟ್ಟಿದ್ದ ಮೇಡಂ ಇಲ್ಲಿ ಒಂದಾದರೂ ನಿಜ ಇರಲಿ ಎಂದು ಬರೆದರು: 'ಕೋಣೆಯ ಹನ್ನೆರಡು ಮರದ ಕಪಾಟುಗಳು.'

ಅನುದಾನ ಬಂತು. ಮೇಡಂ ಮಕ್ಕಳಂತೆ ಖುಷಿಪಟ್ಟು, ವಿದ್ಯಾರ್ಥಿಗಳನ್ನು ಕರೆದುಕೊಂಡು ನಾಲ್ಕು ದಿನ ಬೆಟ್ಟಕ್ಕೆ ಹೋದರು. ಹೊಸ ಕಪಾಟು ತುಂಬಲು ಇನ್ನಷ್ಟು ಕಲ್ಲು ಬೇಡವೇ? ವಾಪಸು ಬಂದು ಕೋಣೆಯ ಬಾಗಿಲು ತೆರೆದರೆ ನಾಲ್ಕು ಗೋಡೆ, ಒಂದು ಪೊರಕೆ. ಏದುಸಿರು ಬಿಡುತ್ತ ಉಗ್ರಾಣಕ್ಕೆ ಓಡಿದರು.

ಉಗ್ರಾಣದ ಗುಮಾಸ್ತ ಆದೇಶದ ಪ್ರತಿ ತೋರಿಸಿದ. "ತೆರವು ಮಾಡಿದ್ರೇನೇ ಹೊಸ ಸಾಮಾನು ಕೊಡೋದು ಮೇಡಂ. ನಿಮ್ದೇ ಬರಹ ನೋಡಿ, ಹನ್ನೆರಡು ಕಪಾಟು. ಎಲ್ಲ ಗುಜರಿಗೆ ಕೊಟ್ವಿ."

"ಒಳಗೆ ಕಲ್ಲಿದ್ವಲ್ಲಪ್ಪಾ!"

"ನಮ್ಮ ದಾಸ್ತಾನು ಪುಸ್ತಕದಲ್ಲಿ ಕಲ್ಲು ಅನ್ನೋದೇ ಇಲ್ವಲ್ಲ. ಗುಜರಿಯವ್ನೂ ಬೇಡ ಅಂದ. ಹೊಸ ಕಟ್ಟಡದ ಮುಂದೆ ಕಾರು ನಿಲ್ಸೋ ಜಾಗ ತಗ್ಗಿತ್ತು, ಅಲ್ಲಿ ಸುರಿದು ರೋಲರ್ ಹೊಡ್ಸಿದ್ವಿ. ಡಾಂಬರೂ ಆಯ್ತು."

ಅವನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ತಾವೇ ಹೊತ್ತು ತಂದ ಕಲ್ಲನ್ನು ಪುಸ್ತಕಕ್ಕೆ ಹತ್ತಿಸಬೇಕು ಎಂದು ಮೇಡಂಗೆ ಮೂವತ್ತೆರಡು ವರ್ಷದಲ್ಲಿ ಒಮ್ಮೆಯೂ ತೋಚಿರಲಿಲ್ಲ. ಇಡೀ ಸಂಸ್ಥೆಯ ಮೇಲೆ ಹೇಸಿಗೆಯಾಯಿತು. ಊಟದ ಮೇಜಿನ ಮುಂದೆ ಕೂತು ಹಲ್ಲು ಕಿಸಿದ ತಮ್ಮ ಮೇಲೇ ಇನ್ನೂ ಹೆಚ್ಚು.

ತಿಂಗಳೊಳಗೆ ಸ್ಟೀಲಿನ ಕಪಾಟುಗಳು ಬಂದವು. ಬೆಟ್ಟದಿಂದ ತಂದ ಕಲ್ಲಿನ ಚೀಲಗಳನ್ನು ಮೇಡಂ ಬಿಚ್ಚಲೇ ಇಲ್ಲ. ಕಪಾಟುಗಳ ಹಿಂದೆಯೇ ಅನುದಾನದ ಪರಿಶೀಲನಾ ಸಮಿತಿಯೂ ಬಂತು. ಸಮಿತಿಯ ಅಧ್ಯಕ್ಷರು ಖಾಲಿ ಕಪಾಟುಗಳ ಮುಂದೆ ಕೈಕಟ್ಟಿ ನಿಂತು, "ಎಷ್ಟು ಅಚ್ಚುಕಟ್ಟು! ಧೂಳಿಲ್ಲ, ಗಲೀಜಿಲ್ಲ," ಎಂದು ಮೆಚ್ಚಿಕೊಂಡರು. ಸದಸ್ಯರು ತಲೆಯಾಡಿಸಿದರು. ಕಲ್ಲೆಲ್ಲಿ ಎಂದು ಒಬ್ಬ ಮಹಾನುಭಾವನೂ ಕೇಳಲಿಲ್ಲ. "ಈಗ ವ್ಯವಸ್ಥೆ ಹೇಗೆ ಕೆಲಸ ಮಾಡುತ್ತೆ ತೋರ್ಸಮ್ಮಾ," ಎಂದರು ಅಧ್ಯಕ್ಷರು.

"ಬನ್ನಿ ಸರ್, ತೋರಿಸ್ತೀನಿ," ಎಂದು ಮೇಡಂ ಸುತ್ತಿಗೆ ಎತ್ತಿಕೊಂಡರು. ವಿದ್ಯಾರ್ಥಿಗಳು ಉಳಿ ಹಿಡಿದು ಹಿಂದೆ ನಡೆದರು. ಹೊಸ ಕಟ್ಟಡದ ಮುಂದೆ ಅಧ್ಯಕ್ಷರ ಕಾರು ಮಿರಮಿರ ಮಿಂಚುತ್ತಿತ್ತು.

"ಕಾರು ತೆಗೆಸಿ ಸರ್."

"ಯಾಕಮ್ಮಾ?"

"ನನ್ನ ಪಾಠ ಅದರ ಕೆಳಗಿದೆ."

ಅಧ್ಯಕ್ಷರು ಕ್ಷಣ ಹೊತ್ತು ಪಿಳಿಪಿಳಿ ನೋಡಿದರು. ಆಮೇಲೆ ಮುಖ ಊರಗಲವಾಯಿತು. "ಓಹೋ, ಬಯಲು ತರಗತಿ! ಬಹಳ ನವೀನ, ಬಹಳ ನವೀನ!" ಕಾರು ಸರಿಯಿತು. ಮೇಡಂ ಮೊಣಕಾಲೂರಿ ಡಾಂಬರಿಗೆ ಸುತ್ತಿಗೆ ಬೀಸಿದರು. ವಿದ್ಯಾರ್ಥಿಗಳೂ ಬೀಸಿದರು. ಸಮಿತಿಯವರು ಚಪ್ಪಾಳೆ ತಟ್ಟಿ, ಫೋಟೋ ಹಿಡಿದು, ನೂರಕ್ಕೆ ನೂರು ಅಂಕ ಕೊಟ್ಟು, ಮುಂದಿನ ವರ್ಷ ಎಲ್ಲ ವಿಭಾಗಗಳೂ ಹೀಗೇ ಮಾಡಲಿ ಎಂದು ವರದಿಯಲ್ಲಿ ಬರೆದು ಹೋದರು.

ಸಂಜೆಯ ಹೊತ್ತಿಗೆ ಪುಡಿಯಾಗದ ಹದಿನೇಳು ಕಲ್ಲು ಸಿಕ್ಕವು. ಡಾಂಬರು ಮೆತ್ತಿ ಎಲ್ಲ ಒಂದೇ ಥರ ಕಾಣುತ್ತಿದ್ದವು. ಹುಡುಗಿಯೊಬ್ಬಳು ಒಂದನ್ನು ಸೆರಗಿನಿಂದ ಉಜ್ಜಿ ಮುಂದೆ ಹಿಡಿದಳು.

"ಮೇಡಂ, ಇದು ಯಾವ ಬೆಟ್ಟದ್ದು?"

ಮೇಡಂ ಅದನ್ನು ಅತ್ತ ಇತ್ತ ಹೊರಳಿಸಿದರು, ಬೆಳಕಿಗೆ ಹಿಡಿದರು, ಬೆರಳಾಡಿಸಿದರು.

"ಗೊತ್ತಾಗ್ತಿಲ್ಲಮ್ಮ," ಎಂದರು.