ಡಬ್ಬಿಯ ಸದ್ದಿಗೆ ಬರುವ ಮೀನು

ಬಕ್ಕೇಶಪ್ಪ ಹುಟ್ಟಿ ಬೆಳೆದ ಮನೆಯಲ್ಲಿ ಉಣ್ಣುವ ಹೊತ್ತಿಗೆ ಮೀನು ಎಂಬ ಮಾತನ್ನೂ ಎತ್ತುವಂತಿರಲಿಲ್ಲ. ದಾವಣಗೆರೆಯ ಹಳೇಪೇಟೆ, ಲಿಂಗವಂತರ ಮನೆತನ, ಅಜ್ಜನ ಕಾಲದಿಂದ ಹತ್ತಿ ವ್ಯಾಪಾರ. ಅಂಥ ಮನೆಯ ಮಗ ಪ್ರಾಣಿಶಾಸ್ತ್ರ ಓದಿ ಕಾಲೇಜಿನಲ್ಲಿ ಮೇಷ್ಟ್ರಾದದ್ದನ್ನು ತಾಯಿ ಬಸವಣ್ಣೆಮ್ಮ ಹೇಗೋ ನುಂಗಿಕೊಂಡಿದ್ದಳು. ಆದರೆ ಅವನು ಹರಿಹರದ ಹೊಳೆಯ ಮೀನುಗಳ ಮೇಲೆ ಸಂಶೋಧನೆ ಮಾಡುತ್ತೇನೆಂದು ಹೊರಟಾಗ ಹಣೆ ಹಣೆ ಚಚ್ಚಿಕೊಂಡಳು.

"ಯಾರಾದ್ರೂ ಕೇಳಿದ್ರೆ ಏನಂತ ಹೇಳ್ಲೋ? ನನ್ನ ಮಗ ಮೀನು ಹಿಡಿಯಾಕ ಹೋಗ್ಯಾನ ಅನ್ಲಾ?"

"ಹಿಡಿಯಾಕಲ್ಲವ್ವ, ನೋಡಾಕ."

"ನೋಡಾಕ ಅದೇನು ಸಿನಿಮಾನಾ?"

ಅವಳನ್ನು ನೋಡಿ ನಗುವವರು ನಗಲಿ, ಆ ಮುದುಕಿಯ ಪ್ರಶ್ನೆಯಲ್ಲಿ ಹುರುಳಿತ್ತು. ಮೀನು ತಿನ್ನುವವನ ಕಣ್ಣಿಗೆ ಮೀನು ಸಾರಾಗಿ ಕಾಣುತ್ತದೆ, ತಿನ್ನದವನ ಕಣ್ಣಿಗೆ ಬರೀ ಮೀನಾಗಿ. ಇಷ್ಟು ಸಣ್ಣ ವಿಷಯ ಬಕ್ಕೇಶಪ್ಪನಿಗೆ ಹೊಳೆಯಲೇ ಇಲ್ಲ. ಓದಿದವರಿಗೆ ಹೊಳೆಯದಿರುವುದು ಇಂಥವೇ.

ಅವನು ಹಿಡಿದ ವಿಷಯವೇನೋ ದೊಡ್ಡದೇ. ಮಹಶೀರ್ ಎಂಬ ದೊಡ್ಡ ಮೀನು ಮಳೆಗಾಲದಲ್ಲಿ ಪ್ರವಾಹಕ್ಕೆ ಎದುರಾಗಿ ಈಜಿ, ಮೇಲಿನ ಕಲ್ಲುಹಾಸು ಸೇರಿ ಮೊಟ್ಟೆ ಇಡುತ್ತದೆ. ಈಗ ಕೆಳಗೆ ಹೊಸಪೇಟೆಯ ಹತ್ತಿರ ಹೊಳೆಗೆ ಅಣೆಕಟ್ಟು ಎದ್ದಿದೆ, ಮೇಲೆ ಲಕ್ಕವಳ್ಳಿಯಲ್ಲಿ ಭದ್ರೆಗೆ ಕಟ್ಟುತ್ತಿದ್ದಾರೆ. ನಡುವೆ ಸಿಕ್ಕಿಕೊಂಡ ಮೀನಿನ ಗತಿ ಏನು? ಅಲ್ಲಿಯೇ ಉಳಿಯುತ್ತದೋ, ದಾರಿ ಹುಡುಕುತ್ತದೋ, ವಂಶವೇ ಅಳಿಯುತ್ತದೋ? ಕಟ್ಟುವ ಮುಂಚೆ ಮೀನನ್ನು ಯಾರೂ ಕೇಳಿರಲಿಲ್ಲ. ಇವನು ಕೇಳಲು ಹೊರಟ.

ಹರಿಹರದಿಂದ ನಂದಿಗುಡಿ ಬಸ್ಸು ಹತ್ತಿ, ನಡುದಾರಿಯಲ್ಲಿ ಇಳಿದು ಗದ್ದೆಯ ಬದು ಹಿಡಿದರೆ ಕರಿಗುಂಡಿ ಮಡು. ಬೇಸಿಗೆಯಲ್ಲೂ ತಳ ಕಾಣದ ನೀರು, ಅಡಿಯಲ್ಲಿ ಬಂಡೆ ಸೀಳಿ ಆದ ಗವಿಗಳು. ಅಲ್ಲಿ ಹರಿಗೋಲು ಹಾಕುತ್ತಿದ್ದವನು ಅಂಬಿಗರ ಕಾಟಪ್ಪ. ಐವತ್ತರ ಆಸುಪಾಸಿನ ಒಣಕಲು ಮನುಷ್ಯ. ಹೊಳೆ ಇಳಿದ ಮೇಲೆ ಅವನ ಕೆಲಸ ಉಜ್ಜನಪ್ಪನ ಕಲ್ಲು ಕ್ವಾರಿಯಲ್ಲಿ. ಬಂಡೆಗೆ ತೋಟಾ ಇಟ್ಟು ಸಿಡಿಸುವುದು. ಬಕ್ಕೇಶಪ್ಪನಿಗೆ ಹರಿಗೋಲು ಬೇಕಾದಾಗ ಕ್ವಾರಿ ಬಿಟ್ಟು ಬರುತ್ತಿದ್ದ. ಮೇಷ್ಟ್ರ ಹುಚ್ಚು ಅವನಿಗೆ ಹಿಡಿಸಿತ್ತು.

ಬಲೆ ಹಾಕಿದರೆ ಮೀನಿನ ಮೈ ಗೀರುತ್ತದೆ. ಅದಕ್ಕೇ ಬಕ್ಕೇಶಪ್ಪ ಬೇರೆ ಉಪಾಯ ಹೂಡಿದ. ಹಯಾತ್ ಸಾಬ್‌ನ ಮಂಡಕ್ಕಿ ಭಟ್ಟಿಯಲ್ಲಿ ತಳಕ್ಕುಳಿದ ನುಚ್ಚು ಮಂಡಕ್ಕಿಯನ್ನು ಚೀಲಗಟ್ಟಲೆ ಹೊತ್ತು ತಂದ. "ಮೀನಿಗಾ? ಖಾರ, ಈರುಳ್ಳಿ ಬ್ಯಾಡ್ವೇನ್ರಿ ಮೇಷ್ಟ್ರೆ?" ಎಂದು ಸಾಬ್ ನಕ್ಕಿದ್ದ. ಬಂಡೆಯ ಮೇಲೆ ನಿಂತು ಸೀಮೆಎಣ್ಣೆ ಡಬ್ಬಿ ಬಡಿಯುವುದು, ಮಂಡಕ್ಕಿ ಎರಚುವುದು. ಎರಡು ವರ್ಷ ಇದೇ ಪೂಜೆ. ಕೊನೆಗೆ ಡಬ್ಬಿಗೆ ಕೋಲು ತಾಗುವುದೇ ತಡ, ಗವಿಗಳಿಂದ ಮೀನುಗಳು ದಂಡುಗಟ್ಟಿ ಮೇಲೆದ್ದು ಬಾಯಿ ತೆರೆಯುತ್ತಿದ್ದವು. ಕೈಯಿಂದಲೇ ಎತ್ತಿ, ಬೆನ್ನಿನ ರೆಕ್ಕೆಗೆ ಬೆಳ್ಳಿ ತಂತಿಯಲ್ಲಿ ಬಣ್ಣದ ಮಣಿ ಪೋಣಿಸಿ ಬಿಡುತ್ತಿದ್ದ. ಯಾವ ಮಣಿ ಮರಳಿ ಬಂತು, ಯಾವುದು ಬರಲಿಲ್ಲ ಎಂಬುದೇ ಅವನ ಸಂಶೋಧನೆ. ಎಲ್ಲಕ್ಕಿಂತ ದೊಡ್ಡ ಮೀನಿಗೆ ಕೆಂಪು ಮಣಿ. ಕುಂಕುಮ ಇಟ್ಟಂತೆ ಕಾಣುತ್ತದೆಂದು ಕಾಟಪ್ಪ ಅದನ್ನು ಮುತ್ತೈದೆ ಎಂದು ಕರೆದ. ಅದು ಬಕ್ಕೇಶಪ್ಪನ ಅಂಗೈಯಲ್ಲಿ ಮೂತಿ ಇಟ್ಟು ಮಂಡಕ್ಕಿ ತಿನ್ನುತ್ತಿತ್ತು.

"ಅಲ್ಲ ಮೇಷ್ಟ್ರೆ, ಇಷ್ಟೆಲ್ಲ ಕಲಿಸಿದ್ರಿ. ಹಿಡಿಯಾದು ಯಾವಾಗ?" ಎಂದು ಕಾಟಪ್ಪ ಒಮ್ಮೆ ಕೇಳಿದ.

"ಹಿಡಿಯಾದಿಲ್ಲಪ್ಪ. ಬರೀ ಎಣಿಸಾದು."

ಕಾಟಪ್ಪ ಗಲ್ಲ ಕೆರೆದುಕೊಂಡು ಸುಮ್ಮನಾದ. ಅವನು ಸುಮ್ಮನಾದದ್ದನ್ನು ಬಕ್ಕೇಶಪ್ಪ ಒಪ್ಪಿಗೆ ಎಂದುಕೊಂಡ.

ಆ ಚೈತ್ರದ ಒಂದು ಸೋಮವಾರ ಬಕ್ಕೇಶಪ್ಪ ಬಸ್ಸಿಳಿದು ಬದುವಿನ ಮೇಲೆ ಬರುತ್ತಿದ್ದಾಗ ಮಡುವಿನ ಕಡೆಯಿಂದ ಡಬ್ಬಿಯ ಸದ್ದು ಕೇಳಿತು. ಕಾಟಪ್ಪ ಮೀನಿಗೆ ಹಾಕುತ್ತಿದ್ದಾನೆಂದು ಅವನಿಗೆ ಖುಷಿಯೇ ಆಯಿತು. ದಂಡೆಗೆ ಬಂದು ನೋಡಿದರೆ ನೀರಿನ ನಡುವೆ ಹರಿಗೋಲು. ಯಾರೋ ಒಬ್ಬ ಡಬ್ಬಿ ಬಡಿಯುತ್ತ ಮಂಡಕ್ಕಿ ಎರಚುತ್ತಿದ್ದ. ಕಾಟಪ್ಪ ಎದ್ದು ನಿಂತಿದ್ದ. ಅವನ ಬಲಗೈಯಿಂದ ಹೊಗೆ ಏಳುತ್ತಿತ್ತು. ಮೀನುಗಳು ಮೇಲೆದ್ದು ನೀರು ಕುದಿದಂತಾಯಿತು. ಕಾಟಪ್ಪ ಕೈ ಬೀಸಿದ.

ಮಡು ಎದ್ದು ನಿಂತಿತು. ದಂಡೆಯ ಕಲ್ಲು ಬಕ್ಕೇಶಪ್ಪನ ಅಂಗಾಲಿಗೆ ಒದ್ದಂತಾಯಿತು, ಕಿವಿ ಮುಚ್ಚಿಹೋಯಿತು. ನೀರು ಮಳೆಯಾಗಿ ಮರಳಿ ಬಿದ್ದಾಗ ಮೇಲೆಲ್ಲ ಬಿಳಿ ಹೊಟ್ಟೆಗಳು. ಕೆಲವಕ್ಕೆ ಕಣ್ಣು ಕಿತ್ತು ಹೊರಬಂದಿದ್ದವು. ಕೆಲವು ಒಡೆದ ಹೊಟ್ಟೆಯಿಂದ ಕರುಳು ಎಳೆದುಕೊಂಡು, ಸುತ್ತು ಹಾಕಿ ಹಾಕಿ ಈಜುತ್ತಿದ್ದವು. ಹಸಿರು ಮಣಿ, ಹಳದಿ ಮಣಿ, ನೀಲಿ ಮಣಿ. ಉಜ್ಜನಪ್ಪನ ಆಳುಗಳು ಬುಟ್ಟಿ ಹಿಡಿದು ನೀರಿಗಿಳಿದರು.

ಉಜ್ಜನಪ್ಪ ದಂಡೆಯಲ್ಲಿ ಕೊಡೆ ಹಿಡಿದು ನಿಂತಿದ್ದ, ಬಿಳಿ ಪಂಚೆ, ಬಾಯಲ್ಲಿ ಎಲೆಅಡಿಕೆ. ಅವನೂ ಮೀನು ಮುಟ್ಟದ ಕುಲದವನೇ. ಆದರೆ ಅವನ ಕಲ್ಲಿನ ಬಿಲ್ಲು ಪಾಸು ಮಾಡುವ ಸಾಹೇಬರಿಗೆ ಮೀನು ಬೇಕಲ್ಲ. ಬಕ್ಕೇಶಪ್ಪ ಓಡಿಹೋಗಿ ಅವನ ಎದೆಗೆ ಗುದ್ದಿದ. ಹುಟ್ಟಿದ ಮೇಲೆ ಯಾರನ್ನೂ ಹೊಡೆದವನಲ್ಲ, ಹೊಡೆಯುವುದು ಹೇಗೆಂದೂ ಅವನಿಗೆ ಗೊತ್ತಿರಲಿಲ್ಲ. ಗುದ್ದಿದ್ದಕ್ಕೆ ಅವನ ಕೈಗೇ ನೋವಾಯಿತು.

"ಯಾಕ್ರೀ ಲೆಕ್ಚರರ್ ಸಾಹೇಬ್ರೆ, ಹೊಳಿ ನಿಮ್ಮಪ್ಪಂದಾ?" ಎಂದ ಉಜ್ಜನಪ್ಪ, ಎಲೆಅಡಿಕೆ ಉಗಿದು.

ಆಳುಗಳು ಮುಗಿಬಿದ್ದರು. ಒಬ್ಬ ಮೊಣಕಾಲಿನಿಂದ ಬಾಯಿಗೆ ಗುದ್ದಿದ, ಎರಡು ಹಲ್ಲು ಅಲ್ಲಿಯೇ ಉದುರಿದವು. ಇನ್ನಿಬ್ಬರು ರಟ್ಟೆ ಹಿಡಿದು ಎಳೆದೊಯ್ದು ಅವನ ಮುಖವನ್ನು ನೀರಿಗೆ ಅದುಮಿದರು. ಸತ್ತ ಮೀನುಗಳು ಕೆನ್ನೆಗೆ ತಾಗುತ್ತಿದ್ದವು. ಬಾಯಿ ತೆರೆದರೆ ರಕ್ತ, ಮದ್ದಿನ ವಾಸನೆಯ ನೀರು. ಇನ್ನೇನು ಮುಗಿಯಿತು ಎನ್ನುವಾಗ ಯಾರೋ ಆ ಇಬ್ಬರನ್ನು ಹರಿಗೋಲಿನ ಹುಟ್ಟಿನಿಂದ ಬಡಿದು ದೂರ ಮಾಡಿ ಅವನನ್ನು ಮೇಲೆತ್ತಿದರು. ಕಾಟಪ್ಪ.

"ಬಿಡ್ರಲೇ! ಸಾಯ್ತಾನ! ಮೀನಿಗೋಸ್ಕರ ಮನಷ್ಯಾನ್ನ ಕೊಲ್ತೀರೇನ್ರಲೇ?"

ಬಕ್ಕೇಶಪ್ಪನನ್ನು ಬಂಡೆಗೆ ಒರಗಿಸಿ, ಬೆನ್ನು ಗುದ್ದಿ ನೀರು ಕಕ್ಕಿಸಿದ. "ಮೇಷ್ಟ್ರೆ, ನೀವು ತಿನ್ನಂಗಿಲ್ಲ ಸರಿ. ನಾವು ತಿಂತೀವಲ್ರಿ. ದೊಡ್ಡ ಮೀನು ಎಲ್ಲಿ ಸಿಗ್ತಾವಂತ ಕ್ವಾರಿ ಧಣಿ ಕೇಳಿದ, ಹೇಳಿದೆ. ನೀವು ಇಷ್ಟು ಬ್ಯಾಸರ ಮಾಡ್ಕಂತೀರಂತ ನನಗೆ ಹೆಂಗೆ ಗೊತ್ತಾಗ್ಬೇಕು?" ಎಂದ. ಮುಖದಲ್ಲಿ ಕಪಟವಿರಲಿಲ್ಲ, ನಿಜವಾಗಿಯೂ ಅವನಿಗೆ ಗೊತ್ತಿರಲಿಲ್ಲ. ಬಕ್ಕೇಶಪ್ಪ ಅವನ ಮುಖಕ್ಕೆ ರಕ್ತ ಉಗಿದ.

ಉಜ್ಜನಪ್ಪ ಬುಟ್ಟಿಗಳಲ್ಲಿ ಹುಡುಕಿದ. "ಕೆಂಪು ಮಣೀದು ಸಿಗ್ಲಿಲ್ಲಲ್ಲೋ ಕಾಟ. ಮುಂದಿನ ಸೋಮವಾರ ಸಾಹೇಬ್ರೇ ನೋಡಾಕ ಬರ್ತಾರೆ. ಅದೇ ಬೇಕು." ಕಾಟಪ್ಪ ಕೆನ್ನೆ ಒರೆಸಿಕೊಂಡು ತಲೆಯಾಡಿಸಿದ. "ಬತ್ತಿ ಇನ್ನೂ ಗಿಡ್ಡ ಮಾಡ್ತೀನಿ ಧಣಿ. ಉದ್ದ ಬಿಟ್ರೆ ತೋಟಾ ತಳಕ್ಕೆ ಹೋಗಿ ಸಿಡಿತೈತೆ. ಕೈಯಾಗ ಹಚ್ಚಿ ಹಿಡ್ಕಂಡಿದ್ದು, ಮೀನು ಎದ್ದ ಕೂಡ್ಲೇ ಒಗೀಬೇಕು." ಬಂಡೆಗೊರಗಿದ್ದ ಬಕ್ಕೇಶಪ್ಪ ಇದನ್ನೆಲ್ಲ ಕೇಳಿಸಿಕೊಂಡ.

ದೂರು ಕೊಟ್ಟ. ಕೊಟ್ಟದ್ದು ಕೊಟ್ಟಲ್ಲೇ ಉಳಿಯಿತು. ಗುರುವಾರ ಊದಿದ ಬಾಯಿಯಲ್ಲೇ ಮತ್ತೆ ಮಡುವಿಗೆ ಹೋಗಿ ಡಬ್ಬಿ ಬಡಿದ. ಯಾವುದೂ ಬರಬಾರದು ಎಂದು ಮನಸ್ಸಿನಲ್ಲೇ ಲಿಂಗಯ್ಯನಿಗೆ ಹರಕೆ ಹೊತ್ತ. ಬಂದವು. ಅಂದು ಆಳದ ಗವಿಗಳಲ್ಲಿದ್ದು ಉಳಿದವು, ಹದಿನೈದಿಪ್ಪತ್ತು ಇದ್ದಾವು, ಬಾಯಿ ತೆರೆದುಕೊಂಡು ಬಂದವು. ಹಿಂದಿನಿಂದ ಮುತ್ತೈದೆ. ಡಬ್ಬಿಯ ಸದ್ದು ಸಾವಿನ ಸದ್ದು ಎಂದು ಕಲಿತವು ಅಲ್ಲಿಯೇ ಸತ್ತಿದ್ದವು; ಬದುಕಿದವು ಕಲಿತಿರಲಿಲ್ಲ.

ಕಲಿಸಿದವನೇ ಮರೆಸಬೇಕು, ಬೇರೆ ದಾರಿ ಇರಲಿಲ್ಲ. ಅವನ ಶಾಸ್ತ್ರವೇ ಅದನ್ನು ಹೇಳುತ್ತಿತ್ತು. ಮಂಡಕ್ಕಿ ಕಲಿಸಿದ್ದನ್ನು ನೋವು ಮಾತ್ರ ಮರೆಸೀತು.

ಹತ್ತಿರದ ಮೆಳೆಯಿಂದ ಒಂದು ಬಿದಿರು ಗಳ ಕಡಿದು ತಂದ. ಡಬ್ಬಿ ಬಡಿದು ಮಂಡಕ್ಕಿ ಎರಚಿದ. ಬಂದ ಮೀನುಗಳ ಮೇಲೆ ಗಳ ಎತ್ತಿದ, ಕೈ ಇಳಿಯಲೊಲ್ಲದು. ಕಣ್ಣು ಮುಚ್ಚಿಕೊಂಡು ಬೀಸಿದ. ಏನೋ ಮೆತ್ತಗಿನದಕ್ಕೆ ತಾಗಿತು. ಕಣ್ಣು ತೆರೆದರೆ ಒಂದು ಸಣ್ಣ ಮೀನು ಬೆನ್ನು ಮುರಿದು ಒದ್ದಾಡುತ್ತಿತ್ತು. ಉಳಿದವು ಚದುರಿ, ಸ್ವಲ್ಪ ಹೊತ್ತಿಗೆ ಮತ್ತೆ ಬಂದವು. ಮತ್ತೆ ಹೊಡೆದ. ಆಮೇಲೆ ಕಣ್ಣು ಮುಚ್ಚುವುದನ್ನು ಬಿಟ್ಟ. ಮೂತಿ ನೋಡಿ, ಕಿವಿರು ನೋಡಿ ಹೊಡೆದ. ಶುಕ್ರವಾರ ಹೊಡೆದ, ಶನಿವಾರ ಹೊಡೆದ. ಒಂದೊಂದು ಏಟಿಗೂ "ಹೋಗ್ರಿ! ಹಾಳಾಗಿ ಹೋಗ್ರಿ!" ಎಂದು ಕೂಗುತ್ತಿದ್ದ. ದಂಡೆಯಲ್ಲಿ ಹೋಗುವ ದನಗಾಹಿಗಳು ಮೇಷ್ಟ್ರಿಗೆ ಗಾಳಿ ಹಿಡಿದಿದೆ ಎಂದು ದೂರ ಸರಿದರು.

ಭಾನುವಾರದ ಹೊತ್ತಿಗೆ ಎಲ್ಲವೂ ಕಲಿತಿದ್ದವು, ಮುತ್ತೈದೆಯೊಂದನ್ನು ಬಿಟ್ಟು. ಅದು ನಿಧಾನವಾಗಿ ಬಂದು ಎಂದಿನಂತೆ ಅವನ ಕೈಯನ್ನು ಹುಡುಕಿತು. ಬಕ್ಕೇಶಪ್ಪ ಎಡಗೈಯಲ್ಲಿ ಮಂಡಕ್ಕಿ ತಿನ್ನಿಸಿದ. ತಿನ್ನುತ್ತಿರುವಾಗಲೇ ಬಲಗೈಯ ಗಳದಿಂದ ಬೆನ್ನ ಮೇಲೆ ಬಲವಾಗಿ ಬಿಟ್ಟ. ರೆಕ್ಕೆ ಹರಿದು ಮಣಿ ಹಾರಿ ಬಂಡೆಗೆ ಬಿತ್ತು. ನೀರಿನಲ್ಲಿ ರಕ್ತ ಹರಡಿತು. ಅದು ಒಮ್ಮೆ ಹೊರಳಿ, ಆಳಕ್ಕೆ ಇಳಿದುಹೋಯಿತು. ಎಷ್ಟು ಬಡಿದರೂ ಮತ್ತೆ ಬರಲಿಲ್ಲ. ಬಕ್ಕೇಶಪ್ಪ ಬಂಡೆಯ ಮೇಲೆ ಕೂತು, ತಾಯಿ ಸತ್ತವನ ಹಾಗೆ ಬಾಯಿಬಿಟ್ಟು ಅತ್ತ.

ಸೋಮವಾರ ಅವನು ಎಲ್ಲರಿಗಿಂತ ಮುಂಚೆ ಬಂದು ದಂಡೆಯ ಮತ್ತಿ ಮರದ ಕೆಳಗೆ ಕೂತ. ಉಜ್ಜನಪ್ಪನ ಜೀಪು ಬಂತು, ಇಸ್ತ್ರಿ ಅಂಗಿಯ ಇಬ್ಬರು ಸಾಹೇಬರು ಇಳಿದರು. ಆಳುಗಳು ಇವನನ್ನು ನೋಡಿ ನಕ್ಕರು. ಕಾಟಪ್ಪ ಮಾತ್ರ ಹರಿಗೋಲು ತಳ್ಳುವ ಮುಂಚೆ ನಿಂತ. "ಬಾಯಿ ವಾಸಿ ಆತೇನ್ರಿ ಮೇಷ್ಟ್ರೆ?" ಎಂದು ಕೇಳಿದ. ಬಕ್ಕೇಶಪ್ಪ ಮುಖ ಆಚೆ ತಿರುಗಿಸಿದ. ಅವನ ಕಣ್ಣು ನೀರಿನ ಮೇಲೆ ನೆಟ್ಟಿತ್ತು.

ಹರಿಗೋಲು ನಡುಮಡುವಿಗೆ ಹೋಯಿತು. ಡಬ್ಬಿ ಬಡಿದರು, ಮಂಡಕ್ಕಿ ಬಿತ್ತು. ಒಂದು ಮೀನೂ ಏಳಲಿಲ್ಲ. ಮಂಡಕ್ಕಿ ತೇಲುತ್ತ ಹೋಯಿತು. ಮತ್ತೆ ಬಡಿದರು, ಜೋರಾಗಿ ಬಡಿದರು. ಬಕ್ಕೇಶಪ್ಪನ ಎದೆ ಹಿಗ್ಗಿತು. ಬರಲಿಲ್ಲ! ಬಡಿಯಿರಿ ಮಕ್ಕಳ್ರಾ, ಎಷ್ಟು ಬಡಿಯುತ್ತೀರಿ ಬಡಿಯಿರಿ, ಬರುವುದಿಲ್ಲ! ಎದ್ದು ನಿಂತು, ಎರಡು ಹಲ್ಲಿಲ್ಲದ ಬಾಯಿ ತೆರೆದು ನಕ್ಕ.

ನಗುತ್ತಲೇ ಅವನ ಕಣ್ಣು ನೀರು ಬಿಟ್ಟು ಮೇಲಕ್ಕೆ ಬಂತು. ಕಾಟಪ್ಪ ಎದ್ದು ನಿಂತಿದ್ದ, ಬಗ್ಗಿ ನೀರನ್ನೇ ಹುಡುಕುತ್ತಿದ್ದ. ಡಬ್ಬಿ ಬಡಿದರೆ ಮೀನು ಬಂದೇ ಬರುತ್ತದೆ ಎಂದು ಮೇಷ್ಟ್ರು ಕಲಿಸಿದ್ದನ್ನು ಅವನು ನಂಬಿದ್ದ. ಬಲಗೈಯಿಂದ ಹೊಗೆ ಏಳುತ್ತಿತ್ತು.

"ಕಾಟಪ್ಪಾ! ಒಗಿಯೋ! ಕೈ..."

ಸಿಡಿಯಿತು.

ಈ ಸಲ ಮಡು ಏಳಲಿಲ್ಲ. ಹರಿಗೋಲಿನ ಮೇಲೆ ಕೆಂಪು ಹೊಗೆಯೊಂದು ಬಿಚ್ಚಿಕೊಂಡಿತು. ಡಬ್ಬಿ ಬಡಿಯುವವನು ನೀರಿಗೆ ಹಾರಿ ಈಜಿದ. ಕಾಟಪ್ಪ ಅಂಚಿಗೆ ಜೋತುಬಿದ್ದಿದ್ದ, ಬಲ ಮೊಣಕೈಯಿಂದ ಕೆಳಗೆ ಹರಿದ ಮಾಂಸದ ಎಳೆಗಳು ಬಿಟ್ಟರೆ ಬೇರೇನೂ ಇರಲಿಲ್ಲ. ಮುಖದ ಬಲಭಾಗ ಸುಲಿದುಹೋಗಿತ್ತು. ಉಜ್ಜನಪ್ಪ ಸಾಹೇಬರನ್ನು ಜೀಪಿಗೆ ತುಂಬಿಕೊಂಡು ಹೋಗಿಯೇಬಿಟ್ಟ. ಆಳುಗಳು ಗದ್ದೆ ಹಿಡಿದು ಓಡಿದರು.

ಬಕ್ಕೇಶಪ್ಪ ನೀರಿಗೆ ಬಿದ್ದು ಈಜಿದ. ಹರಿಗೋಲನ್ನು ದಂಡೆಗೆಳೆದ. ಪಂಚೆ ಹರಿದು ರಟ್ಟೆಗೆ ಬಿಗಿದ, ನಂದಿಗುಡಿ ರಸ್ತೆಯವರೆಗೆ ಬೆನ್ನ ಮೇಲೆ ಹೊತ್ತ. ಭತ್ತದ ಗಾಡಿಯವನೊಬ್ಬ ಚೀಲ ಕೆಡವಿ ಜಾಗ ಮಾಡಿಕೊಟ್ಟ. ಹರಿಹರ ಮುಟ್ಟುವವರೆಗೆ ಕಾಟಪ್ಪನ ರಕ್ತ ಗಾಡಿಯ ಹಲಗೆಸಂದಿನಿಂದ ದಾರಿಯುದ್ದಕ್ಕೂ ತೊಟ್ಟಿಕ್ಕಿತು.

ಬದುಕಿದ. ದಾವಣಗೆರೆಯ ಆಸ್ಪತ್ರೆಯಲ್ಲಿ ಮೊಣಕೈ ಮೇಲಕ್ಕೆ ಕತ್ತರಿಸಿದರು. ಬಲಗಣ್ಣು ಹೋಯಿತು. ಎಡಗೈ ಬೆರಳುಗಳೂ ಸುಟ್ಟು ಬಟ್ಟೆ ಸುತ್ತಿಸಿಕೊಂಡಿದ್ದವು. ಜ್ವರ ಬಿಟ್ಟ ದಿನ ಬಾಯಿಗೆ ರುಚಿ ಬೇಕೆಂದ, ಮೀನಿನ ಸಾರು ಕೇಳಿದ. ಬಕ್ಕೇಶಪ್ಪ ಹಯಾತ್ ಸಾಬ್‌ನ ಮನೆಗೆ ಹೋಗಿ ಅವನ ಹೆಂಡತಿ ಸುಗ್ರಾಬಿಯ ಮುಂದೆ ನಿಂತ. ಆಕೆ ಏನೂ ಕೇಳದೆ ಸಾರು ಮಾಡಿ ಡಬ್ಬಿಗೆ ಹಾಕಿಕೊಟ್ಟಳು.

ಮಂಚದ ಅಂಚಿನಲ್ಲಿ ಕೂತು ಬಕ್ಕೇಶಪ್ಪ ಮುಳ್ಳು ಬಿಡಿಸಿದ. ಮೀನಿನ ಮುಳ್ಳು ಎಲ್ಲೆಲ್ಲಿರುತ್ತದೆಂದು ಅವನಿಗೆ ಬಾಯಿಪಾಠ. ಆದರೆ ಬೆಂದ ಮೀನನ್ನು ಮುಟ್ಟಿದ್ದು ಅದೇ ಮೊದಲು. ಅನ್ನ ಕಲಸಿ ತುತ್ತು ಮಾಡಿ ಕಾಟಪ್ಪನ ಬಾಯಿಗಿಟ್ಟ. ಕಾಟಪ್ಪ ಕಣ್ಣು ಮುಚ್ಚಿ ಅಗಿದ. ನಾಲ್ಕು ತುತ್ತು ಉಂಡ ಮೇಲೆ ಉಳಿದ ಒಂದು ಕಣ್ಣು ತೆರೆದ.

"ಮೇಷ್ಟ್ರೆ, ಒಂದು ಮಾತು ಕೇಳ್ತೀನಿ. ಅವತ್ತು ಮೀನು ಯಾಕ ಬರ್ಲಿಲ್ಲ?"

ಬಕ್ಕೇಶಪ್ಪ ಕೈಯಲ್ಲಿದ್ದ ತುತ್ತನ್ನು ತಟ್ಟೆಗೆ ಇಟ್ಟ. ಸುಳ್ಳು ಹೇಳಬಹುದಿತ್ತು. ಆ ಮನುಷ್ಯನ ಮುಂದೆ ಸುಳ್ಳು ಬಾಯಿಗೆ ಬರಲಿಲ್ಲ.

"ಡಬ್ಬಿ ಬಡಿದ್ರೆ ಬರಬಾರ್ದು ಅಂತ ಕಲಿಸಿದ್ದೆ ಕಾಟಪ್ಪ. ದಿನಾ ಬಂದು ಹೊಡೆದು ಹೊಡೆದು ಹೇಳಿಕೊಟ್ಟಿದ್ದೆ."

ಕಾಟಪ್ಪ ಬಾಯಂಚಿನ ಸಾರನ್ನು ಬಟ್ಟೆ ಸುತ್ತಿದ ಎಡಗೈಯಿಂದ ಒರೆಸಿಕೊಂಡ. ಅವನಿಗೆ ಸಿಟ್ಟು ಬಂದಂತಿರಲಿಲ್ಲ. ಬಂದಿದ್ದರೆ ಬಕ್ಕೇಶಪ್ಪನಿಗೆ ಎಷ್ಟೋ ಹಗುರಾಗುತ್ತಿತ್ತು.

"ಮೀನಿಗೆ ಹೇಳಿಕೊಟ್ರಿ," ಎಂದ. "ನನಗೂ ಒಂದು ಮಾತು ಹೇಳಬಾರ್ದಿತ್ತೇನ್ರಿ?"

ಹೇಳಿ ಮುಂದಿನ ತುತ್ತಿಗೆ ಬಾಯಿ ತೆರೆದ.