ನಂದಿತಾಳ ಮೂರು ವರ್ಷದ ಗ್ಯಾಪ್

೧
ಈ ಕಥೆಯನ್ನು ಎಲ್ಲಿಂದ ಶುರುಮಾಡಲಿ, ನೀವೇ ಹೇಳಿ. ದೂರದೂರಿನ ವಿಶ್ವವಿದ್ಯಾಲಯವೊಂದರ ಜಾಹೀರಾತಿನಿಂದ ಮಾಡಿ ನೋಡಿದೆ: ‘ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಪ್ರಾಣಿಶಾಸ್ತ್ರ ವಿಭಾಗಗಳಲ್ಲಿ ಪೋಸ್ಟ್‌ಡಾಕ್ (ಪಿಎಚ್.ಡಿ. ನಂತರದ ಸಂಶೋಧನೆ) ಹುದ್ದೆಗಳು, ಅವಧಿ ಎರಡು ವರ್ಷ.’ ನನಗೇ ಆಕಳಿಕೆ ಬಂತು. ಹರಿದು ಹಾಕಿದೆ.

೨
ನಂದಿತಾಳಿಂದಲೇ ಶುರುಮಾಡೋಣ. ನಂಜನಗೂಡಿನ ಹುಡುಗಿ. ಕಪಿಲಾ ನದಿಯ ಬಸವನಹುಳುಗಳ ಮೇಲೆ ಪಿಎಚ್.ಡಿ. ಮಾಡಿದವಳು. ಮದುವೆಯಾಗಿ ಟಿ. ನರಸೀಪುರಕ್ಕೆ ಬಂದಳು, ಮಗಳು ಹುಟ್ಟಿದಳು, ಮೈಕ್ರೊಸ್ಕೋಪು ಅಟ್ಟ ಸೇರಿತು. ಫೋನಿನಲ್ಲಿ ಆ ಜಾಹೀರಾತು ಕಂಡಾಗ ಒಲೆಯ ಮೇಲಿನ ಹಾಲು ಉಕ್ಕಿದ್ದೂ ಅವಳಿಗೆ ಗೊತ್ತಾಗಲಿಲ್ಲ.

ಅತ್ತೆ ಮಂಗಳಮ್ಮ ಕೇಳಿದರು, “ಬಸವನ್ ಉಳ ನೋಡಾಕೂ ಸಂಬ್ಳ ಕೊಟ್ಟಾರಾ?”

“ಕೊಡ್ತಾರೆ ಅತ್ತೆ.”

“ಎಲ್ಲಾ ಬುಟ್ಟು ಉಳುವಾ!”

(ಇಲ್ಲಿ ಅತ್ತೆಯನ್ನು ಘಟವಾಣಿ ಮಾಡಿಬಿಡೋಣ ಎಂದಿದ್ದೆ. ನಂದಿತಾ ಒಪ್ಪಲಿಲ್ಲ. “ಅವರು ಕೆಟ್ಟೋರಲ್ಲ ಸರ್, ಹೆದರ್ತಾರೆ ಅಷ್ಟೆ.” ಸರಿ, ಅಳಿಸಿದೆ.)

೩
ಇಂಟರ್‌ವ್ಯೂ ಆನ್‌ಲೈನ್. ಗಂಡ ಅಮೃತೇಶ್ ಮಗಳನ್ನು ತನ್ನ ಗೊಬ್ಬರದಂಗಡಿಗೆ ಕರೆದೊಯ್ದ. ಲ್ಯಾಪ್‌ಟಾಪ್ ಅಡುಗೆಮನೆಯಲ್ಲಿ, ನೆಟ್‌ವರ್ಕ್ ಸಿಗುವುದು ಅಲ್ಲೊಂದೇ ಕಡೆ. ಮಂಗಳಮ್ಮ ಪಕ್ಕದಲ್ಲೇ ಅವರೆಕಾಯಿ ಸುಲಿಯುತ್ತಿದ್ದರು. ಹುಳುಗಳ ವಿಷಯಕ್ಕೆ ನಂದಿತಾ ತಡೆಯಿಲ್ಲದೆ ಮಾತಾಡಿದಳು. ಆಮೇಲೆ ಒಬ್ಬ ಪ್ರೊಫೆಸರ್ ಕೇಳಿದರು:

“ಮೂರು ವರ್ಷ ಗ್ಯಾಪ್ ಇದೆಯಲ್ಲಮ್ಮಾ, ಯಾಕೆ?”

ನಂದಿತಾ ಬಾಯಿಪಾಠ ಮಾಡಿಟ್ಟಿದ್ದ ಉತ್ತರ ಶುರುಮಾಡಿದಳು. ಅಷ್ಟರಲ್ಲಿ ಮಂಗಳಮ್ಮ ಕ್ಯಾಮೆರಾದ ಮುಂದಕ್ಕೆ ಬಗ್ಗಿದರು.

“ಆ ಗ್ಯಾಪು ನಂದು ಕಣ್ಸಾ, ಅವಳ್ದಲ್ಲ. ಮಗೀನ ಬುಟ್ಟು ಎಲ್ಲೂ ಓಗ್ಬ್ಯಾಡ ಅಂತ ತಡ್ದೋಳು ನಾನು. ಬರ್ಕೊಳಿ.”

(ಇದನ್ನು ನಾನು ಬರೆದದ್ದಲ್ಲ. ಆಣೆಗೂ ಅಲ್ಲ.)

ಇಂಟರ್‌ವ್ಯೂ ಮುಗಿದ ಮೇಲೆ ನಂದಿತಾ ಸೆರಗಿನಲ್ಲಿ ಮುಖ ಮುಚ್ಚಿ ಅತ್ತಳು. ಕೆಲಸ ಹೋಯಿತೆಂದಲ್ಲ. ಇಷ್ಟು ವರ್ಷ ಆ ಗ್ಯಾಪನ್ನು ಒಬ್ಬಳೇ ಹೊತ್ತಿದ್ದಳು.

೪
ಅಂತ್ಯ, ಮೊದಲನೆಯದು: ಕೆಲಸ ಸಿಗಲಿಲ್ಲ. (ಸಾಹಿತ್ಯಕ್ಕೆ ಇದೇ ಒಳ್ಳೆಯದು.) ನಂದಿತಾ ದುರುಗುಟ್ಟಿ ನೋಡಿದಳು. ಹೊಡೆದುಹಾಕಿದೆ. ಅಷ್ಟರಲ್ಲಿ ಮೇಲ್ ಕೂಡ ಬಂತು: ಆಯ್ಕೆಯಾಗಿದ್ದೀರಿ.

ಅಂತ್ಯ, ಎರಡನೆಯದು: ಮಗಳನ್ನು ಅತ್ತೆಯ ಬಳಿ ಬಿಟ್ಟು, ಕಣ್ಣೀರಿಡುತ್ತಾ...

“ಯಾಕ್ ಬುಟ್ಟೋದಾಳು?” ಎಂದು ಮಂಗಳಮ್ಮ ನನ್ನ ವಾಕ್ಯವನ್ನು ಅರ್ಧಕ್ಕೇ ತುಂಡರಿಸಿ, ತಮ್ಮ ಸೀರೆಗಳನ್ನೂ ಸೂಟ್‌ಕೇಸಿಗೆ ತುರುಕಿದರು. “ಮಗಾನೂ ಬತ್ತದೆ, ನಾನೂ ಬತ್ತೀನಿ.”

“ನನ್ನ ಊಟ?” ಎಂದ ಅಮೃತೇಶ್.

“ಅಕ್ಕಿ ಎಲ್ಲದೆ ಅಂತ ಗೊತ್ತಲ್ಲಾ. ಬೇಯುಸ್ಕೊ.”

೬
(ಐದನೆಯದು ಚೆನ್ನಾಗಿರಲಿಲ್ಲ.) ನಂಜನಗೂಡಿನಲ್ಲಿ ನಂದಿತಾಳ ಅಪ್ಪ ಸಿದ್ದಮಲ್ಲಪ್ಪನವರಿಗೆ ಹೋಗಿಬರುತ್ತೇವೆಂದು ಹೇಳಿ, ಅತ್ತೆ, ಸೊಸೆ, ಮಗು ಮೂವರೂ ರೈಲ್ವೆ ಸ್ಟೇಷನ್ನಿಗೆ ಬಂದರು. ಆ ಊರು ಅತ್ತೆಗೆ ಒಗ್ಗೀತೆ? ಎರಡು ವರ್ಷ ಕಳೆದ ಮೇಲೆ ಏನು ಗತಿ? ನೀವು ಕೇಳುತ್ತೀರಿ, ನಾನು ಹೇಳಬೇಕು. ಅದಕ್ಕೇ ಬೋಗಿಯ ಬಾಗಿಲಲ್ಲಿ ನಂದಿತಾಳನ್ನು ತಡೆದೆ.

“ಕೊನೆಗೆ ಏನಾಯ್ತು ಅಂತ ಬರೀಲಿ?”

“ನಂಗೇನ್ ಗೊತ್ತು ಸರ್? ಸ್ವಲ್ಪ ಸರೀರಿ, ಅತ್ತೆ ಹತ್ತಬೇಕು.”

ಸರಿದೆ.