ಕನ್ನಡದಲ್ಲಿ ಕೇಳಬಾರದ ಪ್ರಶ್ನೆ

೧೯೮೭ರ ಆಗಸ್ಟ್ ತಿಂಗಳಲ್ಲಿ ಮಲಾಡ್ ಪಶ್ಚಿಮದ ಹದಿನಾಲ್ಕು ಮಂಚದ ಒಂದು ನರ್ಸಿಂಗ್ ಹೋಮು ಅತ್ಯಂತ ಗಂಭೀರವಾದ ಸಮಸ್ಯೆಯೊಂದನ್ನು ಎದುರಿಸಬೇಕಾಗಿ ಬಂತು. ಹೊಟ್ಟೆಯುರಿಗೆ ಕೊಡುವ ಬಿಳಿ ಔಷಧಿಯ ಬಾಟಲಿಯನ್ನು ಎಷ್ಟು ಸಲ ಕುಲುಕಬೇಕು? ಲೇಬಲ್ಲು ‘ಚೆನ್ನಾಗಿ ಕುಲುಕಿ’ ಎಂದಷ್ಟೇ ಹೇಳಿ ಕೈ ತೊಳೆದುಕೊಂಡಿತ್ತು. ಸ್ಟಾಫ್ ನರ್ಸ್ ರಮಾಮಣಿಯ ಲೆಕ್ಕ ಹತ್ತು. ಮೈಸೂರಿನಲ್ಲಿ ಟ್ರೇನಿಂಗ್ ಆಗುವಾಗ ಅವಳಿಗೆ ಹಾಗೆ ಕಲಿಸಿದ್ದರು. ಹನ್ನೊಂದನೇ ಮಂಚದ ಕಾಂತಪ್ಪನ ಪ್ರಕಾರ ಕುಲುಕುವುದೇ ಮೂಲದಲ್ಲಿ ತಪ್ಪು.

“ತಳಕ್ಕೆ ಕೂತದ್ದನ್ನು ಕುಲುಕಿದ್ರೆ ಎಂತ ಆಗ್ತದೆ ಅಮ್ಮ? ಸೌಟು ಹಾಕಿ ತಿರುಗಿಸ್ಬೇಕು. ಇಪ್ಪತ್ತೆರಡು ವರ್ಷ ಸಾಂಬಾರು ಮಾಡಿದವ ಹೇಳ್ತಿದ್ದೇನೆ.”

“ಇದು ಸಾಂಬಾರಲ್ಲ ಕಾಂತಪ್ಪನವರೇ.”

“ಅದು ಬಾಯಿಗೆ ಹಾಕಿದ ಕೂಡ್ಲೇ ಗೊತ್ತಾಯ್ತು. ಉಪ್ಪಿಲ್ಲ, ಹುಳಿ ಇಲ್ಲ. ಇದನ್ನು ಮಾಡಿದವನನ್ನು ನಮ್ಮಲ್ಲಿ ತೆಂಗಿನಕಾಯಿ ಸುಲಿಯಲಿಕ್ಕೂ ಇಟ್ಟುಕೊಳ್ಳುವುದಿಲ್ಲ.”

ವಾರ್ಡು ನಕ್ಕಿತು. ಕನ್ನಡ ಬಾರದವರೂ ನಕ್ಕರು. ಕಾಂತಪ್ಪನ ಮುಖ ನೋಡಿದರೆ ಸಾಕಾಗುತ್ತಿತ್ತು.

ಕಾಂತಪ್ಪ ಉಡುಪಿ ಕಡೆಯವನು. ಕಾಂದಿವಲಿ ಸ್ಟೇಷನ್ನಿನ ಹತ್ತಿರದ ಹೋಟೆಲೊಂದರಲ್ಲಿ ಮುಖ್ಯ ಅಡುಗೆಯವನು. ಬೆಳಗ್ಗೆ ಐದು ಗಂಟೆಗೆ ಒಲೆಯ ಮುಂದೆ ನಿಂತರೆ ಊಟವೆಂದು ಕೂರುವುದು ಮಧ್ಯಾಹ್ನ ಮೂರಕ್ಕೆ. ಅಲ್ಲಿಯವರೆಗೆ ಹೊಟ್ಟೆಗೆ ಬೀಳುವುದು ಕಾಫಿ ಮತ್ತು ಅಂಗೈಯಲ್ಲಿ ಹಿಡಿದು ನೆಕ್ಕಿದ ಸಾಂಬಾರಿನ ರುಚಿ. ನಿಂತೂ ನಿಂತೂ ಮೊಣಕಾಲು ಹಿಡಿದುಕೊಂಡಿತು. ಮೊಣಕಾಲಿಗೆ ನೋವಿನ ಮಾತ್ರೆ ಶುರುವಾಯಿತು, ಖಾಲಿ ಹೊಟ್ಟೆಯಲ್ಲಿ, ಕಾಫಿಯ ಜೊತೆ, ಒಮ್ಮೆಗೆ ಎರಡು. ಮಾತ್ರೆಗೆ ಹೊಟ್ಟೆ ಉರಿಯಿತು. ಉರಿಗೆ ಬಿಳಿ ಔಷಧಿ ಬಂತು. ಹೀಗೆ ಹತ್ತು ವರ್ಷ ಅವನು ಒಂದು ಕೈಯಲ್ಲಿ ಬೆಂಕಿ ಹಚ್ಚಿಕೊಂಡು ಇನ್ನೊಂದು ಕೈಯಲ್ಲಿ ನೀರು ಹೊಯ್ದುಕೊಂಡು, ಎರಡೂ ಕೈಗೆ ಕೆಲಸವಿದೆಯೆಂಬ ಸಮಾಧಾನದಲ್ಲಿದ್ದ. ಕಳೆದ ಗುರುವಾರ ದೋಸೆಕಲ್ಲಿನ ಪಕ್ಕ ಕುಸಿದು ಬಿದ್ದಾಗ ಹೋಟೆಲಿನವರು ಎತ್ತಿಕೊಂಡು ಬಂದಿದ್ದರು. ಮೈಯಲ್ಲಿ ಇರಬೇಕಾದ ರಕ್ತದಲ್ಲಿ ಅರ್ಧ ಇರಲಿಲ್ಲ.

ಡಾಕ್ಟರ್ ತಿರುಮಲೇಶ್ ರಮಾಮಣಿಯನ್ನು ಕರೆದು ಹೇಳಿದರು. “ಹೊಟ್ಟೇಲಿ ಹುಣ್ಣಿದೆ, ಡೌಟೇ ಇಲ್ಲ. ಅದು ಇನ್ನೂ ಸೋರ್ತಿದೆಯಾ, ನಿಂತಿದೆಯಾ, ಅಷ್ಟೇ ಪ್ರಶ್ನೆ. ನಿಂತಿದ್ರೆ ಇಲ್ಲೇ ಮಾತ್ರೆಯಲ್ಲಿ ವಾಸಿ ಮಾಡಬಹುದು. ಸೋರ್ತಿದ್ರೆ ಒಂದು ಗಂಟೆಯೂ ಇಟ್ಕೋಬಾರದು, ದೊಡ್ಡ ಆಸ್ಪತ್ರೆಗೆ ಕಳಿಸಬೇಕು. ಅವನ ಸ್ಟೂಲ್ ಹೇಗಿದೆ, ಯಾವ ಬಣ್ಣ ಅಂತ ದಿನಾ ವಿಚಾರಿಸಮ್ಮ. ನೀನೇ ವಿಚಾರಿಸು. ನಿಮ್ಮ ಭಾಷೆಯವನು, ಮನಸ್ಸು ಬಿಚ್ಚಿ ಹೇಳ್ತಾನೆ.”

ಈ ಏರ್ಪಾಡಿನಿಂದ, ಅಲ್ಲಿಯವರೆಗೆ ಆ ವಿಚಾರಣೆ ನಡೆಸುತ್ತಿದ್ದ ಪಾರೂಬಾಯಿ ಮೇಲಿನ ಹೆರಿಗೆ ವಾರ್ಡಿಗೆ ಹೋದಳು. ಪಾರೂಬಾಯಿ ಆ ನರ್ಸಿಂಗ್ ಹೋಮಿನ ಹಳೆಯ ಆಯಾ. ಬೆಡ್‌ಪ್ಯಾನು ಹಿಡಿದುಕೊಂಡೇ ವಾರ್ಡಿನ ಈ ತುದಿಯಿಂದ ಆ ತುದಿಗೆ ಕೇಳಿಸುವಂತೆ ಬೆಳಗಿನ ಸಮಾಚಾರ ವಿಚಾರಿಸುವವಳು. ಬ್ಯಾಂಕಿನ ಮ್ಯಾನೇಜರೂ ಅವಳ ಮುಂದೆ ಬಣ್ಣ, ಸಂಖ್ಯೆ, ಸ್ವರೂಪ ಎಲ್ಲವನ್ನೂ ಒಪ್ಪಿಸುತ್ತಿದ್ದ.

ರಮಾಮಣಿಗೆ ವಿಷಯ ಗೊತ್ತಿಲ್ಲದೆ ಇರಲಿಲ್ಲ. ರಕ್ತ ಸೋರುತ್ತಿದ್ದರೆ ಡಾಂಬರಿನ ಹಾಗೆ ಕಪ್ಪು, ಅಂಟು, ಹೊಳಪು, ತಡೆಯಲಾಗದ ವಾಸನೆ. ಕಬ್ಬಿಣದ ಮಾತ್ರೆ ತೆಗೆದುಕೊಂಡರೂ ಕಪ್ಪೇ, ಆದರೆ ಗಟ್ಟಿ, ಕೊಂಚ ಹಸಿರು, ಹೊಳಪಿಲ್ಲ. ಈ ವ್ಯತ್ಯಾಸವನ್ನು ಪರೀಕ್ಷೆಯಲ್ಲಿ ಇಂಗ್ಲಿಷಿನಲ್ಲಿ ಬರೆದು ಅವಳು ಕ್ಲಾಸಿಗೆ ಮೊದಲಿಗಳಾಗಿದ್ದಳು. ಮುಂಬಯಿಗೆ ಬಂದ ಆರು ವರ್ಷದಲ್ಲಿ ಹಿಂದಿಯಲ್ಲೂ ಕೇಳಲು ಕಲಿತಿದ್ದಳು, ಪಾರೂಬಾಯಿಯಷ್ಟು ಗಟ್ಟಿಯಾಗಿ ಅಲ್ಲದಿದ್ದರೂ. ಕನ್ನಡದಲ್ಲಿ ಮಾತ್ರ ಆ ಮಾತು ಅವಳ ಬಾಯಲ್ಲಿ ಇರಲಿಲ್ಲ. ಅವಳ ತವರಿನಲ್ಲಿ ಅಂಥ ಶಬ್ದಗಳು ಹೊಸಿಲು ದಾಟಿ ಒಳಗೆ ಬಂದದ್ದಿಲ್ಲ. ಮಗಳು ನರ್ಸು ಎನ್ನುವುದನ್ನೇ ಅವಳ ತಾಯಿ ನೆಂಟರಿಗೆ ‘ಆಸ್ಪತ್ರೆ ಕಡೆ ಕೆಲಸ’ ಎಂದು ಹೇಳಿ ಮುಗಿಸುತ್ತಿದ್ದರು.

ಮಾತ್ರೆಗಳ ವಿಷಯ ಬಂದಾಗ ಏನೂ ಕಷ್ಟವಾಗಲಿಲ್ಲ. ಹಾಳೆಯ ಮೇಲೆ ಗೆರೆ ಎಳೆದು ಅವನಿಗೊಂದು ವೇಳಾಪಟ್ಟಿ ಮಾಡಿಕೊಟ್ಟಳು. ಹುಣ್ಣಿನ ಮಾತ್ರೆ ಬೆಳಗ್ಗೆ, ರಾತ್ರಿ. ಬಿಳಿ ಔಷಧಿ ಊಟವಾಗಿ ಒಂದು ಗಂಟೆಗೆ. ಕಬ್ಬಿಣದ ಮಾತ್ರೆಗೂ ಬಿಳಿ ಔಷಧಿಗೂ ನಡುವೆ ಎರಡು ಗಂಟೆ ಬಿಡಬೇಕು, ಇಲ್ಲದಿದ್ದರೆ ಕಬ್ಬಿಣ ಮೈಗೆ ಹತ್ತುವುದಿಲ್ಲ. ಮೊಣಕಾಲಿನ ಮಾತ್ರೆ ಇನ್ನು ಜನ್ಮದಲ್ಲಿ ಮುಟ್ಟಬಾರದು.

ಕಾಂತಪ್ಪ ಹಾಳೆಯನ್ನು ದೂರ ಹಿಡಿದು ಓದಿದ. “ವೆಸ್ಟರ್ನ್ ಲೈನಿನ ರೈಲು ಟೈಮ್‌ಟೇಬಲ್ ಹಾಗೆ ಉಂಟು. ಬಿಳಿಯದ್ದು ಸ್ಲೋ, ಕಬ್ಬಿಣ ಫಾಸ್ಟ್. ಎರಡೂ ಒಂದೇ ಪ್ಲಾಟ್‌ಫಾರ್ಮಿಗೆ ಬರಬಾರದು. ಅಷ್ಟೇ ಅಲ್ವಾ?”

“ಅಷ್ಟೇ. ಆಮೇಲೆ...” ರಮಾಮಣಿ ಕಿಟಕಿಯ ಕಡೆ ನೋಡಿದಳು. ಹೊರಗೆ ಮಳೆ ಹೊಯ್ಯುತ್ತಿತ್ತು. “ಕಬ್ಬಿಣದ ಮಾತ್ರೆ ತಗೊಂಡಾಗ ಸ್ವಲ್ಪ ಬಣ್ಣ ಬದಲಾಗುತ್ತೆ. ಹೊರಗಡೆ ಹೋದಾಗ. ಕಪ್ಪಗೆ. ಅದಕ್ಕೆ ಗಾಬರಿ ಆಗಬೇಡಿ.”

“ಆಯ್ತು ಅಮ್ಮ,” ಎಂದ ಕಾಂತಪ್ಪ, ಅವನೂ ಕಿಟಕಿಯ ಕಡೆ ನೋಡುತ್ತ.

ಪಾಠದ ಇನ್ನರ್ಧ ಉಳಿದಿತ್ತು. ಅಂಟಂಟಾಗಿದ್ದರೆ, ವಾಸನೆಯಿದ್ದರೆ, ತಕ್ಷಣ ಹೇಳಿ ಎನ್ನಬೇಕಿತ್ತು. ಅವಳು ಬಾಯಿ ತೆರೆದಳು. ಅವಳಪ್ಪನ ವಯಸ್ಸಿನವನಲ್ಲದಿದ್ದರೂ ಚಿಕ್ಕಪ್ಪನ ವಯಸ್ಸಿನವನು, ಹೆಗಲ ಮೇಲೆ ಟವೆಲು ಹೊದ್ದು ಕಾಲು ಮಡಚಿ ಕೂತಿದ್ದ. “ನೀರು ಜಾಸ್ತಿ ಕುಡೀರಿ,” ಎಂದು ಹೇಳಿ ಹನ್ನೆರಡನೇ ಮಂಚಕ್ಕೆ ಹೋದಳು.

ಮರುದಿನದಿಂದ ಬೆಳಗ್ಗೆ ಎಂಟಕ್ಕೆ ಸರಿಯಾಗಿ ವಿಚಾರಣೆ ನಡೆಯಿತು.

“ಹೊರಗಡೆ ಎಲ್ಲಾ ಸರಿಯಾಗಿದೆಯಾ ಕಾಂತಪ್ಪನವರೇ?”

“ಎಲ್ಲ ಚಂದ ಉಂಟು ಅಮ್ಮ.”

ಅವಳು ಚಾರ್ಟಿನಲ್ಲಿ ‘ನಾರ್ಮಲ್’ ಎಂದು ಬರೆಯುತ್ತಿದ್ದಳು. ಶನಿವಾರ ನಾರ್ಮಲ್, ಭಾನುವಾರ ನಾರ್ಮಲ್. ಸೋಮವಾರ ನಾಡಿ ನೂರಾ ನಾಲ್ಕಿತ್ತು; ಎರಡು ದಿನದ ಹಿಂದೆ ಎಂಬತ್ತೆಂಟು. ಅವಳು ಓಡಿಹೋಗಿ ಡಾಕ್ಟರಿಗೆ ತೋರಿಸಿದಳು.

“ಸ್ಟೂಲ್?”

“ನಾರ್ಮಲ್ ಸರ್.”

“ಹಾಗಾದ್ರೆ ಟೆನ್ಶನ್ನು. ಹೋಟೆಲಿನಲ್ಲಿ ಬೇರೆಯವನು ಸೌಟು ಹಿಡಿದಿದ್ದಾನಲ್ಲ,” ಎಂದು ತಿರುಮಲೇಶ್ ನಕ್ಕರು.

ಅದೇ ಸೋಮವಾರ ಸಂಜೆ ಕೆಳಗಿನ ವಾರ್ಡಿನ ಕಕ್ಕಸು ಮಳೆನೀರಿಗೆ ಕಟ್ಟಿಕೊಂಡಿತು. ನಡೆಯಬಲ್ಲ ಗಂಡಸರೆಲ್ಲ ಮೇಲಿನ ಮಹಡಿಗೆ ಹೋಗಬೇಕೆಂದು ಅಪ್ಪಣೆಯಾಯಿತು. ಮಂಗಳವಾರ ಬೆಳಗ್ಗೆ ಹತ್ತು ಗಂಟೆಗೆ ಪಾರೂಬಾಯಿ ಮೆಟ್ಟಿಲಿಳಿದು ಬಂದು ಔಷಧಿ ಮೇಜಿನ ಮುಂದೆ ಸೊಂಟಕ್ಕೆ ಕೈಯಿಟ್ಟು ನಿಂತು ತನ್ನ ಹಿಂದಿಯಲ್ಲಿ ಶುರುಮಾಡಿದಳು.

“ಕ್ಯಾ ಸಿಸ್ಟರ್, ಓ ತುಮ್ಹಾರಾ ಕಾಂತಪ್ಪಾ! ಪೂರಾ ಡಾಂಬರ್! ನಾಲ್ಕು ಬಕೆಟ್ ನೀರು ಹೊಯ್ದರೂ ಹೋಗ್ತಿಲ್ಲ, ಬಾಣಂತಿಯರು ಮೂಗು ಮುಚ್ಚಿಕೊಂಡು ಕೂತಿದ್ದಾರೆ. ಕೇಳಿದೆ, ಕಬ್‌ಸೇ? ಬಂದ ದಿನದಿಂದ ಅಂದ. ನೀನು ಇಲ್ಲಿ ಐದು ದಿನ ಏನು ಕೇಳ್ತಿದ್ದೆ, ಅವನ ಜಾತಕವಾ?”

ರಮಾಮಣಿಯ ಕೈಯಲ್ಲಿದ್ದ ಔಷಧಿಯ ಟ್ರೇ ಮೇಜಿನ ಮೇಲೆ ತಾನಾಗಿ ಕೂತಿತು. ಹನ್ನೊಂದನೇ ಮಂಚದವರೆಗಿನ ಹದಿನೈದು ಹೆಜ್ಜೆ ನಡೆದದ್ದು ಅವಳಿಗೆ ನೆನಪಿಲ್ಲ. ಕಾಂತಪ್ಪ ಗೋಡೆಗೆ ಒರಗಿದ್ದ. ತುಟಿಗೆ ಸುಣ್ಣದ ಬಣ್ಣ ಬಂದಿತ್ತು.

“ನನ್ನ ಹತ್ತಿರ ಯಾಕೆ ಹೇಳಲಿಲ್ಲ ನೀವು?”

“ನೀವೇ ಹೇಳಿದ್ರಲ್ಲ ಅಮ್ಮ, ಕಪ್ಪಾಗ್ತದೆ, ಗಾಬರಿ ಬೇಡ ಅಂತ.”

“ಕಪ್ಪಾಗುತ್ತೆ ಅಂದೆ. ಆ ಥರ ಅಂಟು, ಆ ಥರ ವಾಸನೆ...” ಅವಳ ದನಿ ಏರಿತು.

“ಅದನ್ನು ನೀವು ಕೇಳಲಿಲ್ಲ.” ಅವನು ಟವೆಲಿನ ಅಂಚು ಸರಿಮಾಡಿಕೊಂಡ. “ಕೇಳಿದ್ರೂ ಹೇಳ್ತಿರಲಿಲ್ಲ, ಸುಳ್ಳು ಯಾಕೆ. ಪಾರೂಬಾಯಿ ಮರಾಠಿಯವಳು, ಅವಳ ಹತ್ತಿರ ಹೇಳಿದ್ರೆ ಗಾಳಿಗೆ ಹೇಳಿದ ಹಾಗೆ. ನೀವು ನಮ್ಮ ಕಡೆಯವರು, ಮೇಲಾಗಿ ಬ್ರಾಹ್ಮಣರ ಹೆಂಗಸು. ನಾಳೆ ಗಂಡನನ್ನು ಕರಕೊಂಡು ನಮ್ಮ ಹೋಟೆಲಿಗೆ ಬರ್ತೀರಿ. ನನ್ನ ಹೊಟ್ಟೆಯ ಕಥೆ ಪೂರಾ ಕೇಳಿದವರು ನನ್ನ ಕೈಯ ಸಾಂಬಾರು ಉಣ್ತಾರಾ?”

ರಮಾಮಣಿ ಚಾರ್ಟು ಎತ್ತಿಕೊಂಡು ಡಾಕ್ಟರ ಕೋಣೆಗೆ ಓಡಿದಳು.

ಡಾಕ್ಟರ್ ತಿರುಮಲೇಶ್ ಚಾರ್ಟನ್ನು ಒಮ್ಮೆ, ರಮಾಮಣಿಯನ್ನು ಒಮ್ಮೆ ನೋಡಿ, ಬೈಯಲು ಸಮಯವಿಲ್ಲದ್ದರಿಂದ ಬೈಯದೆ, ಫೋನು ಹಿಡಿದರು. ದೊಡ್ಡ ಆಸ್ಪತ್ರೆಯವರು ಕಳಿಸಿ ಎಂದರು. ಆಂಬುಲೆನ್ಸಿನವರು ಹಿಂದಿನ ರಾತ್ರಿಯಿಂದ ರಸ್ತೆಯಲ್ಲಿ ನೀರು ನಿಂತಿದೆ, ತಡವಾದರೂ ಬರುತ್ತೇವೆ ಎಂದರು. ಕೊಡಲು ರಕ್ತ ಇಲ್ಲಿರಲಿಲ್ಲ. ದಾದರಿನಿಂದ ತರಬೇಕಿತ್ತು, ಮತ್ತು ಲೋಕಲ್ ರೈಲುಗಳು ಒಂದರ ಹಿಂದೊಂದು ನಿಂತಿದ್ದವು. ರಮಾಮಣಿ ಎರಡೂ ಕೈಗೆ ಸಲೈನ್ ಹಾಕಿದಳು. ಕಬ್ಬಿಣದ ಮಾತ್ರೆ ನಿಲ್ಲಿಸಿದಳು. ಈಗ ಅವನ ಬಾಯಿಗೆ ಏನೂ ಕೊಡದೆ ಇರುವುದಷ್ಟೇ ಬಾಕಿ ಉಳಿದ ಚಿಕಿತ್ಸೆಯಾಗಿತ್ತು.

ಹನ್ನೆರಡೂವರೆಗೆ ಕಾಂತಪ್ಪ ಎದ್ದು ಕೂತು, ಬೇಸಿನ್ನಿಗೆ ಕೈಚಾಚಿ, ರಕ್ತ ಕಾರಿಕೊಂಡ. ಬೇಸಿನ್ನು ಹಿಡಿದವಳು ರಮಾಮಣಿ. ಅವನು ಮೊಣಕೈಯಿಂದ ಅವಳನ್ನು ಹಿಂದಕ್ಕೆ ತಳ್ಳಲು ನೋಡಿದ.

“ನೀವು ಆಚೆ ಹೋಗಿ ಅಮ್ಮ. ಪಾರೂಬಾಯಿಯನ್ನು ಕರೀರಿ.”

“ನಾನು ಹೋಗಲ್ಲ.”

“ನೋಡಬೇಡಿ ಹಾಗಾದ್ರೆ.”

ಅವಳು ನೋಡಲಿಲ್ಲ ಎಂದು ಅವನಿಗೆ ಅನಿಸುವ ಹಾಗೆ ಮುಖ ಪಕ್ಕಕ್ಕೆ ಹಿಡಿದು, ಎಷ್ಟು ಹೋಯಿತೆಂದು ಅಂದಾಜು ಮಾಡಿದಳು. ಮುಕ್ಕಾಲು ಲೀಟರು. ಚಾರ್ಟಿನಲ್ಲಿ ಬರೆದಳು. ಅಷ್ಟು ದಿನಗಳಲ್ಲಿ ಆ ಚಾರ್ಟಿನಲ್ಲಿ ಅವಳು ಕಣ್ಣಾರೆ ಕಂಡು ಬರೆದ ಮೊದಲ ಸಂಗತಿ ಅದು.

ಆಂಬುಲೆನ್ಸು ಒಂದೂ ಮುಕ್ಕಾಲಿಗೆ ಬಂತು. ರಮಾಮಣಿ ಜೊತೆಯಲ್ಲಿ ಹತ್ತಿದಳು. ಗೋರೆಗಾಂವ್ ದಾಟಲು ನಲವತ್ತು ನಿಮಿಷ ಹಿಡಿಯಿತು. ರಸ್ತೆಯಲ್ಲಿ ನೀರು ಮೊಣಕಾಲುದ್ದ, ಮುಂದಿದ್ದ ಬೆಸ್ಟ್ ಸಿಟಿ ಬಸ್ಸು ಕೆಟ್ಟು ನಿಂತಿತ್ತು. ಅವಳು ಅವನ ಮಣಿಕಟ್ಟು ಹಿಡಿದು ನಾಡಿ ಎಣಿಸುತ್ತ ಕೂತಳು. ಎಣಿಕೆ ಒಂದು ಕಡೆ ಸಿಕ್ಕಲಿಲ್ಲ, ಮತ್ತೆ ಸಿಕ್ಕಿತು, ಮತ್ತೆ ಸಿಕ್ಕಲಿಲ್ಲ.

ಎರಡು ಗಂಟೆ ಐವತ್ತು ನಿಮಿಷಕ್ಕೆ, ಅಂಧೇರಿಗೆ ಸ್ವಲ್ಪ ಮೊದಲು, ಕಾಂತಪ್ಪ ಸತ್ತ.